ಸಿಗಂದೂರು ಸೇತುವೆ: ನೋಡೋಕೆ ಹೊರಟವರಿಗೆ

ಕಾರಲ್ಲಿ ಹೋದರೆ ಮೂರು ನಿಮಿಷಕ್ಕೆ ಸೇತುವೆ ಮುಗಿದು ಹೋಗುತ್ತದೆ. ದೂರದೂರಿಂದ ಬಂದು ಕಿಟಕಿಯಲ್ಲಿ ಫೋನ್ ಹಿಡಿದುಕೊಂಡೇ ದಾಟಿ, 'ಇಷ್ಟೇನಾ' ಅನ್ನುವವರು ಬಹಳ. ಇದು ನಡೆದು ನೋಡಬೇಕಾದ ಸೇತುವೆ. ಶರಾವತಿ ಹಿನ್ನೀರಿನ ಮೇಲೆ, ಸಾಗರ ಪೇಟೆ ಕಡೆಯ ದಡದ ಅಂಬಾರಗೋಡ್ಲುವಿನಿಂದ ಸಿಗಂದೂರು ಕಡೆಯ ದಡದ ಕಳಸವಳ್ಳಿಗೆ ಎರಡು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ನಿಂತು ನೋಡುತ್ತಾ ಹೋಗಿ ಬರಲು ಒಂದೂವರೆ ತಾಸು ಬೇಕು. ಅಷ್ಟು ಸಮಯ ಇಟ್ಟುಕೊಂಡೇ ಹೊರಡಿ.

ರೈಲಿನಲ್ಲಿ ಬರುವವರು ಮೈಸೂರಿನಿಂದ ಬೆಂಗಳೂರು ಮಾರ್ಗವಾಗಿ ತಾಳಗುಪ್ಪಕ್ಕೆ ಬರುವ ರಾತ್ರಿ ಗಾಡಿ ಹಿಡಿದು, ಬೆಳಿಗ್ಗೆ ಸಾಗರ ಜಂಬಗಾರು ನಿಲ್ದಾಣದಲ್ಲಿ ಇಳಿಯಬೇಕು. ರಸ್ತೆಯಲ್ಲಾದರೆ ಶಿವಮೊಗ್ಗದಿಂದ ಸಾಗರಕ್ಕೆ ಸುಮಾರು 70 ಕಿ.ಮೀ. ಅಲ್ಲಿಂದ ಆವಿನಹಳ್ಳಿ ದಾರಿಯಲ್ಲಿ ಸಿಗಂದೂರಿಗೆ ಹತ್ತಿರಹತ್ತಿರ 40. ನಕ್ಷೆ ಎಷ್ಟೇ ಕಡಿಮೆ ತೋರಿಸಲಿ, ತಿರುವುಗಳ ದಾರಿ, ಒಂದು ಗಂಟೆಗೆ ಕಮ್ಮಿ ಲೆಕ್ಕ ಹಾಕಬೇಡಿ. ಪೆಟ್ರೋಲು, ನಗದು, ಮಾತ್ರೆ ಎಲ್ಲ ಸಾಗರದಲ್ಲೇ ಮುಗಿಸಿಕೊಳ್ಳಿ. ಹೊಳೆಯಾಚೆ ಎಲ್ಲ ಕಂಪನಿಯ ಸಿಗ್ನಲ್ಲೂ ಸಿಗುತ್ತದೆಂಬ ನಂಬಿಕೆ ಬೇಡ. ಎಲ್ಲದಕ್ಕೂ ಫೋನ್ ಪೇ ಎಂದುಕೊಂಡು ಬಂದವರು ಎಳನೀರಿನ ಅಂಗಡಿ ಎದುರು ಪೇಚಾಡುತ್ತಾರೆ. ಬಸ್ಸಿನಲ್ಲಿ ಬರುವವರು ಬೆಳಿಗ್ಗೆ ಹತ್ತುವಾಗಲೇ ವಾಪಸಿನ ಕೊನೆಯ ಬಸ್ಸು ಎಷ್ಟೊತ್ತಿಗೆ ಎಂದು ಕಂಡಕ್ಟರನ್ನೇ ಕೇಳಿಕೊಳ್ಳಿ.

ಇನ್ನು ಸೇತುವೆ. 2025ರ ಜುಲೈ 14ರಂದು ಉದ್ಘಾಟನೆಯಾಯಿತು. ಅಗಲ 16 ಮೀಟರು, ಎರಡು ಪಥ, ಎರಡೂ ಬದಿಗೆ ಕಾಲುದಾರಿ. ಕೇಬಲ್ ಸೇತುವೆಗಳ ಉದ್ದದಲ್ಲಿ ಗುಜರಾತಿನ ಬೇಟ್ ದ್ವಾರಕಾದ ಸುದರ್ಶನ ಸೇತುವಿನ ನಂತರ ದೇಶದಲ್ಲಿ ಎರಡನೆಯದು ಎನ್ನುತ್ತಾರೆ. ಆದರೆ ಉದ್ದಕ್ಕೂ ಕೇಬಲ್ ಇಲ್ಲ, ನಡುವಿನ ಸುಮಾರು 740 ಮೀಟರು ಮಾತ್ರ. ಫೋಟೋ ನೋಡಿ ಮುಗಿಲು ಮುಟ್ಟುವ ಗೋಪುರ ಇದೆಯೆಂದುಕೊಂಡು ಬಂದವರಿಗೆ ಕಂಬಗಳು ಗಿಡ್ಡ ಅನ್ನಿಸುತ್ತವೆ. ಅದು ಈ ಮಾದರಿಯ ಸ್ವಭಾವ. ಎಕ್ಸ್‌ಟ್ರಾಡೋಸ್ಡ್ ಎಂದು ಇದರ ಹೆಸರು. ಇಲ್ಲಿ ಪೂರ್ತಿ ಭಾರವನ್ನು ಕೇಬಲ್ ಹೊರುವುದಿಲ್ಲ. ರಸ್ತೆಯ ಕೆಳಗಿನ ಕಾಂಕ್ರೀಟ್ ಪೆಟ್ಟಿಗೆಯೇ ಬಹುಪಾಲು ಹೊತ್ತು, ಉಳಿದದ್ದಕ್ಕೆ ಕೇಬಲ್ ಓರೆಯಾಗಿ ಎಳೆದು ಕೈಜೋಡಿಸುತ್ತದೆ. ಹಾಗಾಗಿ ಕಂಬ ಎತ್ತರ ಇರಬೇಕಿಲ್ಲ. ಪ್ರತಿಯಾಗಿ, ನೀರು ಆಳವಿರುವ ಕಡೆ ಕಾಲುಗಳನ್ನು ದೂರದೂರ ಇಡಬಹುದು. ಕೇಬಲ್ ಇಲ್ಲದ ಉಳಿದ ಭಾಗವನ್ನು ಒಂದೊಂದು ಕಾಲಿನಿಂದ ಎರಡೂ ಕಡೆಗೆ ತಕ್ಕಡಿಯಂತೆ ತೂಗಿಸುತ್ತಾ ಬೆಳೆಸಿದ್ದಾರೆ. ದಡದಿಂದ ಬಗ್ಗಿ ನೋಡಿದರೆ ಕಾಲಿನ ಬುಡದಲ್ಲಿ ಪೆಟ್ಟಿಗೆ ದಪ್ಪ, ಎರಡು ಕಾಲುಗಳ ನಡುವೆ ತೆಳ್ಳಗಾಗಿರುವುದು ಕಾಣುತ್ತದೆ. ಇದನ್ನು ನೋಡದೆ ಬರಬೇಡಿ.

ಸೇತುವೆಯ ಮೇಲೆ ವಾಹನ ನಿಲ್ಲಿಸಬೇಡಿ. ಎರಡೇ ಪಥ. ಒಂದು ಕಾರು ನಿಂತರೆ ಹಿಂದಿನ ಬಸ್ಸು ಎದುರಿನ ಪಥಕ್ಕೆ ನುಗ್ಗಬೇಕು, ಮಂಜಿನಲ್ಲಿ ಅದಕ್ಕಿಂತ ಅಪಾಯ ಬೇರೆ ಇಲ್ಲ. ಗಾಡಿಯನ್ನು ದಡದಲ್ಲಿ, ರಸ್ತೆಯಿಂದ ಪೂರ್ತಿ ಹೊರಗೆ ಬಿಟ್ಟು ನಡೆಯಿರಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿನ್ನೀರು ತುಂಬಿದ ಮೇಲೆ ಕರೂರು ಹೋಬಳಿಯವರಿಗೆ ಸಾಗರಕ್ಕೆ ಹತ್ತಿರದ ದಾರಿಯೆಂದರೆ ಹೊಳೆಬಾಗಿಲಿನ ಲಾಂಚ್ (ಜನ, ವಾಹನ ದಾಟಿಸುವ ದೊಡ್ಡ ದೋಣಿ) ಒಂದೇ ಆಗಿತ್ತು. ಅದೂ ಹಗಲು ಹೊತ್ತು ಮಾತ್ರ. ರಾತ್ರಿ ಹೆರಿಗೆ ನೋವು ಬಂದರೂ ಹೊಸನಗರದ ಕಡೆ ಸುತ್ತಬೇಕಿತ್ತು. ನಮಗೆ ಸೆಲ್ಫಿ ಜಾಗ, ಅವರಿಗೆ ಆಸ್ಪತ್ರೆಗೆ ಹೋಗುವ ರಸ್ತೆ.

ಯಾವಾಗ ಬರಬೇಕು ಎಂಬುದನ್ನು ಕ್ಯಾಲೆಂಡರ್‌ಗಿಂತ ಜಲಾಶಯದ ಮಟ್ಟ ನೋಡಿ ತೀರ್ಮಾನಿಸಿ. ಪೂರ್ಣ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಇಂದು ಎಷ್ಟಿದೆ ಎಂಬುದು ಮಳೆಗಾಲದಲ್ಲಿ ಶಿವಮೊಗ್ಗದ ಪತ್ರಿಕೆಗಳಲ್ಲಿ ದಿನಾ ಬರುತ್ತದೆ. ಮಳೆ ಚೆನ್ನಾಗಿ ಆದ ವರ್ಷ ಅಕ್ಟೋಬರಿನಿಂದ ಜನವರಿಯವರೆಗೆ ನೀರೂ ತುಂಬಿರುತ್ತದೆ, ಆಕಾಶವೂ ತಿಳಿಯಾಗಿರುತ್ತದೆ. ಜೂನ್, ಜುಲೈಯಲ್ಲಿ ಮಂಜು ಕವಿದರೆ ಮುಂದಿನ ಕಂಬವೇ ಕಾಣದು. ಬಯಲು ನೀರಿನ ಮೇಲೆ ಗಾಳಿಗೆ ತಡೆಯಿಲ್ಲದ್ದರಿಂದ ಛತ್ರಿ ಮಗುಚಿಕೊಳ್ಳುತ್ತದೆ. ರೇನ್‌ಕೋಟೇ ಸರಿ. ದಡದ ಹುಲ್ಲಿಗೆ ಇಳಿದರೆ ಉಂಬಳ (ಜಿಗಣೆ) ಹತ್ತುತ್ತವೆ, ಒಂದು ಚಿಟಿಕೆ ಉಪ್ಪು ಜೇಬಿನಲ್ಲಿರಲಿ.

ಜೋಗವನ್ನೂ ಅದೇ ದಿನ ಸೇರಿಸಿಕೊಳ್ಳುವವರಿಗೆ ಒಂದು ಮಾತು. ಸಾಗರದಿಂದ ಜೋಗಕ್ಕೆ ಸುಮಾರು 30 ಕಿ.ಮೀ., ಆದರೆ ದಿಕ್ಕೇ ಬೇರೆ. ಸೇತುವೆಯ ಕೆಳಗಿರುವುದೂ ಜೋಗಕ್ಕೆ ಹೋಗಬೇಕಾದ ನೀರೂ ಒಂದೇ. ಅಣೆಕಟ್ಟಿನ ಗೇಟು ಮುಚ್ಚಿದ್ದರೆ ಇಲ್ಲಿ ಸಮುದ್ರದ ಹಾಗೆ ತುಂಬಿರುತ್ತದೆ, ಮಳೆ ನಿಂತ ಮೇಲೆ ಅಲ್ಲಿ ಸಣ್ಣ ಎಳೆಗಳಷ್ಟೇ ಉಳಿದಿರುತ್ತವೆ. ಎರಡೂ ಮೈದುಂಬಿ ಸಿಗಬೇಕೆಂದರೆ ಗೇಟು ತೆಗೆದ ಸುದ್ದಿ ಬಂದ ವಾರವೇ ಹೊರಡಬೇಕು.

ಏಪ್ರಿಲ್, ಮೇನಲ್ಲಿ ನೀರು ಹಿಂದೆ ಸರಿದು ಕೆಂಪು ದಿಬ್ಬ, ಒಣ ಬೊಡ್ಡೆ ಕಾಣುತ್ತವೆ. ಚೆಂದ ಇಲ್ಲ ಅನ್ನುವವರಿದ್ದಾರೆ. ಮುಳುಗಡೆ ಅಂದರೆ ಏನೆಂದು ತಿಳಿಯುವುದು ಆಗಲೇ. ನೀರು ಬಹಳ ಇಳಿದ ವರ್ಷ, ಲಿಂಗನಮಕ್ಕಿಗೂ ಮೊದಲು ಕಟ್ಟಿದ ಹಿರೇಭಾಸ್ಕರ ಅಣೆಕಟ್ಟು ಅದರ ಸೈಫನ್‌ಗಳ (ಹೆಚ್ಚಾದ ನೀರು ತಾನಾಗಿ ಹೊರಹೋಗುವ ಕೊಳವೆಗಳ) ಸಮೇತ ಎದ್ದು ನಿಲ್ಲುತ್ತದೆ. ಅಲ್ಲಿಗೆ ಹೋಗುವುದಾದರೆ ಊರಿನವರೊಬ್ಬರು ಜೊತೆಗಿರಲಿ. ಹಿನ್ನೀರು ಬಿಟ್ಟುಕೊಟ್ಟ ನೆಲ ಮೇಲೆ ಒಣಗಿ ಬಿರುಕು ಬಿಟ್ಟಿರುತ್ತದೆ, ಅಡಿಯಲ್ಲಿ ಇನ್ನೂ ಹಸಿ ಕೆಸರು. ಕಾಲಿಟ್ಟರೆ ಮೊಣಕಾಲವರೆಗೆ ಹೂತುಹೋಗುತ್ತದೆ. ಯಾವ ಕಾಲದಲ್ಲೂ ಈಜಲು ಇಳಿಯಬೇಡಿ. ಕೆಳಗೆ ಹಳೆಯ ಗದ್ದೆಯ ಬದು, ಮರದ ಬೊಡ್ಡೆಗಳಿವೆ. ಎರಡು ಹೆಜ್ಜೆಗೆ ಆಳ ಬದಲಾಗುತ್ತದೆ.

ಫೋಟೋಗೆ ಬೆಳಿಗ್ಗೆ ಅಂಬಾರಗೋಡ್ಲು ದಡ, ಸಂಜೆ ಕಳಸವಳ್ಳಿ ದಡ. ಎರಡು ಹೊತ್ತೂ ಬಿಸಿಲು ನಿಮ್ಮ ಬೆನ್ನಿಗಿರುತ್ತದೆ.

ಸಿಗಂದೂರಿನ ದೇವಿ ಚೌಡಮ್ಮನ (ಚೌಡೇಶ್ವರಿಯ) ದರ್ಶನಕ್ಕೆ ಮಂಗಳವಾರ, ಶುಕ್ರವಾರ ಜನ ಜಾಸ್ತಿ. ಸಂಕ್ರಾಂತಿ ಜಾತ್ರೆ, ನವರಾತ್ರಿಯಲ್ಲಂತೂ ಸೇತುವೆ ನೋಡುವ ಆಸೆ ಬಿಡಿ. ಬುಧವಾರವೋ ಗುರುವಾರವೋ ಬಂದರೆ ಎರಡೂ ಆರಾಮಾಗಿ ಆಗುತ್ತದೆ. ದಾರಿಯುದ್ದಕ್ಕೂ ತೋಟದ ಬೇಲಿಗಳಲ್ಲಿ 'ಸಿಗಂದೂರು ಚೌಡೇಶ್ವರಿಯ ಕಾವಲಿದೆ' ಎಂಬ ಬೋರ್ಡು ಕಾಣುತ್ತದೆ. ಅಡಿಕೆ ಕದಿಯುವವರಿಗೆ ಮಲೆನಾಡಿನಲ್ಲಿ ಸಿಸಿ ಕ್ಯಾಮೆರಾಗಿಂತ ಇದರದ್ದೇ ಹೆದರಿಕೆ.

ಅಲ್ಲಿಂದ ಕೊಲ್ಲೂರಿಗೆ ಹೋಗುವವರು ತುಮರಿ, ಬ್ಯಾಕೋಡು ದಾಟಿ ನಿಟ್ಟೂರು ಕಡೆಯಿಂದ ಘಾಟಿ ಇಳಿಯುತ್ತಾರೆ. ಸೇತುವೆಯಂಥದೇ ರಸ್ತೆ ಮುಂದೆಲ್ಲಾ ಇರುತ್ತದೆಂದು ಎಣಿಸಬೇಡಿ. ಕಿರಿದಾದ ಕಡೆಗಳಿವೆ, ಕಾಡಿನ ನಡುವೆ ಪಂಕ್ಚರ್ ಅಂಗಡಿ ಸಿಗದು. ಸ್ಟೆಪ್ನಿಗೆ ಗಾಳಿ ಇದೆಯಾ ಎಂದು ಸಾಗರದಲ್ಲೇ ನೋಡಿಸಿ, ಮಳೆಗಾಲದಲ್ಲಿ ಘಾಟಿ ತೆರೆದಿದೆಯಾ ಎಂದು ತುಮರಿಯಲ್ಲಿ ಕೇಳಿ, ಮಧ್ಯಾಹ್ನ ಮೂರರೊಳಗೆ ಹೊರಟುಬಿಡಿ.