ಟೀ ಕೊಡೋ ಡಾಲೆಕ್

ಊಟ ಆದ್ಮೇಲೆ ಸುಮ್ನೆ ‘ಡಾಕ್ಟರ್ ಹೂ’ ಹಾಕಿಕೊಂಡು ಕೂತೆ. ಕಾಲದಲ್ಲಿ ಹಿಂದೆ ಮುಂದೆ ಓಡಾಡೋ ‘ಡಾಕ್ಟರ್’ ಅನ್ನೋನ ಬ್ರಿಟಿಷ್ ಟಿವಿ ಸೀರಿಯಲ್ ಅದು. 2010ರ ‘ವಿಕ್ಟರಿ ಆಫ್ ದ ಡಾಲೆಕ್ಸ್’ ಕಂತು.

ಎರಡನೇ ಮಹಾಯುದ್ಧದ ಲಂಡನ್. ಮೇಲೆ ಜರ್ಮನ್ ಬಾಂಬು, ಕೆಳಗೆ ನೆಲಮಾಳಿಗೆಯಲ್ಲಿ ಚರ್ಚಿಲ್. ಅಲ್ಲಿಗೆ ಡಾಕ್ಟರ್‌ನ ಹಳೇ ವೈರಿ, ಲೋಹದ ಕವಚದ ಡಾಲೆಕ್ ಒಂದು ಟ್ರೇ ಹಿಡಿದು ಬರುತ್ತದೆ. ಮೈಗೆಲ್ಲ ಖಾಕಿ ಬಣ್ಣ, ಮೇಲೊಂದು ಬ್ರಿಟಿಷ್ ಬಾವುಟ. ಟೀ ಬೇಕಾ ಅಂತ ವಿನಯವಾಗಿ ಕೇಳುತ್ತದೆ. ಕಂಡಕಂಡವರನ್ನೆಲ್ಲ ಸುಡೋ ಜೀವಿ! ಮೈ ಜುಂ ಅಂತು.

ಅಷ್ಟೇ. ಆಮೇಲೆ ಕಥೆ ಹಳ್ಳ ಹಿಡಿಯಿತು.

ಸ್ಪಿಟ್‌ಫೈರ್ ವಿಮಾನಗಳು ನೋಡನೋಡುತ್ತಲೇ ಬಾಹ್ಯಾಕಾಶಕ್ಕೆ ಹೊರಟವು. ಹೊಸ ಡಾಲೆಕ್‌ಗಳು ಕೆಂಪು, ಹಳದಿ, ನೀಲಿ ಬಣ್ಣ ಬಳಿದುಕೊಂಡು ಪ್ಲಾಸ್ಟಿಕ್ ಕೊಡಗಳ ಹಾಗೆ ಸಾಲಾಗಿ ನಿಂತವು. ಭಯ ಎಲ್ಲಿಂದ ಬರಬೇಕು?

ಆ ಚರ್ಚಿಲ್ ಬೇರೆ. ಸಿಗಾರ್ ಕಚ್ಚಿಕೊಂಡ ಮುದ್ದು ತಾತ, ಡಾಕ್ಟರ್‌ಗೆ ಹಳೇ ದೋಸ್ತ್. 1943ರ ಬಂಗಾಳದ ಕ್ಷಾಮದಲ್ಲಿ ಚರ್ಚಿಲ್ ಪಾತ್ರದ ಬಗ್ಗೆ ಓದಿಕೊಂಡವರಿಗೆ ಈ ಮುದ್ದು ಗಂಟಲಲ್ಲಿ ಇಳಿಯಲ್ಲ ಅಲ್ವಾ? 1963ರಲ್ಲಿ ಈ ಸೀರಿಯಲ್ ಶುರುವಾದಾಗ ಮಕ್ಕಳಿಗೆ ಇತಿಹಾಸ ಕಲಿಸೋದೂ ಒಂದು ಉದ್ದೇಶ ಆಗಿತ್ತಂತೆ. ಇಲ್ಲಿ ಇತಿಹಾಸ ಅಂದ್ರೆ ಬರೀ ಹಿಂದಿನ ಪರದೆ.

ಆದ್ರೂ ಡಾಕ್ಟರ್ ಒಂದು ಜಾಮ್ ಬಿಸ್ಕತ್ ಎತ್ತಿ ತೋರಿಸಿ, ಇದನ್ನ ಒತ್ತಿದ್ರೆ ಎಲ್ಲ ಢಮಾರ್ ಅಂತ ಡಾಲೆಕ್‌ಗಳನ್ನ ಹೆದರಿಸ್ತಾನಲ್ಲ, ಆ ಸೀನ್ ಮಾತ್ರ ಇವತ್ತೂ ಎರಡೆರಡು ಸಲ ನೋಡಿದೆ.