ಕಾಫಿ ಹೂ ನೋಡಲು ಹೋಗಿ ಕಲ್ಲುಹೂ ನೋಡಿ ಬಂದಿದ್ದು

ಫೆಬ್ರವರಿ ಕೊನೆಯ ವಾರ ಕಕ್ಕಬ್ಬೆಗೆ ಹೋಗಿದ್ದೇ ಕಾಫಿ ಹೂ ನೋಡೋಣ ಅಂತ. ತೋಟಕ್ಕೆ ತೋಟವೇ ಬೆಳ್ಳಗಾಗಿ ಘಮ್ಮೆನ್ನುತ್ತೆ ಅಂತ ಆಫೀಸಿನಲ್ಲಿ ಯಾರೋ ಹೇಳಿದ್ದನ್ನು ನಂಬಿ, ಮೈಸೂರಿನಿಂದ ಬೆಳಗ್ಗೆ ಐದಕ್ಕೇ ಹೊರಟು, ಗೋಣಿಕೊಪ್ಪದಲ್ಲಿ ಇಡ್ಲಿ ತಿಂದು, ವಿರಾಜಪೇಟೆ ದಾಟಿ ಹೋದರೆ ಒಂದೇ ಒಂದು ಹೂವಿಲ್ಲ. ಗಿಡದ ತುಂಬ ಮೊಗ್ಗು, ಅಷ್ಟೇ.

"ಹೂಮಳೆ ಬಿದ್ದಿಲ್ವಲ್ಲ," ಅಂದರು ಹೋಂಸ್ಟೇ ಅಂಕಲ್. "ಒಂದು ಇಂಚು ಬಿದ್ದರೆ ಎಂಟು ಹತ್ತು ದಿನಕ್ಕೆ ಅರಳುತ್ತೆ. ಅಲ್ಲಿವರೆಗೂ ಹೀಗೇ ಕೂತಿರುತ್ತೆ."

ಸರಿ, ಬಂದದ್ದಾಯಿತು, ಮಾರನೇ ದಿನ ತಡಿಯಂಡಮೋಳ್ ಹತ್ತೋಣ ಅಂದುಕೊಂಡೆವು. ಕೊಡಗಿನ ಅತಿ ಎತ್ತರದ ಬೆಟ್ಟ, 1748 ಮೀಟರ್. ನಾಲ್ಕುನಾಡು ಅರಮನೆ ದಾಟಿ ಸ್ವಲ್ಪ ದೂರ ಆರಾಮ. ಆಮೇಲೆ ಬಿಸಿಲು, ಒಣಹುಲ್ಲು, ಏದುಸಿರು. ನನ್ನ ಜೊತೆ ಬಂದಿದ್ದ ಗೆಳೆಯ ಕಾಲೇಜಿನಲ್ಲಿ ಮೈಕ್ರೋಬಯಾಲಜಿ ಪಾಠ ಮಾಡುವವನು. ಇಂಥವರ ಜೊತೆ ಬೆಟ್ಟ ಹತ್ತಬಾರದು. ಪ್ರತಿ ಬಂಡೆಗೂ ಕೂತುಬಿಡುತ್ತಾನೆ.

ಒಂದು ಬಂಡೆಯ ಮೇಲೆ ಬೂದಿ ಬಣ್ಣದ ಹಕ್ಕಳೆ ಇತ್ತು. ಕಲ್ಲುಹೂ, ಅಂದರೆ ಪಾಚಿ, ಶಿಲೀಂಧ್ರ ಕೂಡಿ ಬದುಕೋ ಲೈಕನ್. ಬೆರಳಲ್ಲಿ ಉಜ್ಜಿದರೆ ಹಪ್ಪಳದ ಚೂರಿನ ಥರ ಪುಡಿಯಾಗುತ್ತಿತ್ತು. ಅವನು ಬಾಟಲಿಯಿಂದ ಒಂದು ಮುಚ್ಚಳ ನೀರು ಸುರಿದ (ಇದ್ದದ್ದೇ ಒಂದು ಬಾಟಲಿ, ನಂಗೆ ಉರಿದುಹೋಯಿತು). ನೋಡ್ತಾ ನೋಡ್ತಾ ಬೂದಿ ಬಣ್ಣ ಹೋಗಿ ಹಸಿರು ಬಂತು. ಮುಟ್ಟಿದರೆ ಮೆತ್ತಗೆ, ಒದ್ದೆ ಚರ್ಮದ ಹಾಗೆ.

"ಇದರ ನೆಂಟರು ಅಂಟಾರ್ಕ್ಟಿಕಾದಲ್ಲಿ ಕಲ್ಲಿನ ಮೇಲಲ್ಲ, ಕಲ್ಲಿನ ಒಳಗೇ ಇದ್ದಾರೆ ಕಣೋ," ಅಂದ.

ಮಿಕ್ಕ ದಾರಿಯೆಲ್ಲ ಅದೇ ಮಾತು. ಅಂಟಾರ್ಕ್ಟಿಕಾ ಅಂದರೆ ಬರೀ ಹಿಮ ಅಂದುಕೊಂಡಿದ್ದೆ. ಮೆಕ್‌ಮರ್ಡೊ ಒಣ ಕಣಿವೆಗಳು ಅಂತ ಇವೆಯಂತೆ, ಅಲ್ಲಿ ಬರೀ ಕಲ್ಲು, ಮಣ್ಣು. ಮಡಿಕೇರಿಗೆ ವರ್ಷಕ್ಕೆ 3000 ಮಿಲಿಮೀಟರ್ ಮೀರಿ ಮಳೆ. ಅಲ್ಲಿ ಬೀಳುವ ಹಿಮವನ್ನೆಲ್ಲ ನೀರಿನ ಲೆಕ್ಕಕ್ಕೆ ತಂದರೂ 100 ದಾಟಲ್ಲ, ಅದರಲ್ಲೂ ಹೆಚ್ಚಿನದು ಕರಗುವ ಮೊದಲೇ ಆವಿಯಾಗಿ ಹೋಗುತ್ತೆ. 1903ರಲ್ಲಿ ಅಲ್ಲಿಗೆ ಹೋದ ಕ್ಯಾಪ್ಟನ್ ಸ್ಕಾಟ್, ಜೀವ ಇರೋದು ಏನೂ ಕಾಣಲಿಲ್ಲ ಅಂತ ಬರೆದಿಟ್ಟ. ಅವನ ತಪ್ಪಲ್ಲ ಬಿಡಿ, ಕಲ್ಲು ಒಡೆದು ನೋಡಬೇಕು ಅಂತ ಯಾರಿಗೆ ಹೊಳೆಯುತ್ತೆ? 1976ರಲ್ಲಿ ಇಮ್ರೆ ಫ್ರೀಡ್‌ಮನ್ ಮತ್ತು ರೊಸೆಲಿ ಒಕಾಂಪೊ ಅನ್ನೋ ವಿಜ್ಞಾನಿಗಳು ಅಲ್ಲಿನ ಮರಳುಗಲ್ಲಿನ ಮೇಲ್ಪದರದ ಕೆಳಗೇ ಸೂಕ್ಷ್ಮಜೀವಿಗಳ ಹಸಿರು ಪಟ್ಟಿ ಇದೆ ಅಂತ ತೋರಿಸಿದರು. ಕಲ್ಲು ಬಿಸಿಲಿಗೆ ಒಂಚೂರು ಬೆಚ್ಚಗಾಗುತ್ತೆ, ಕರಗಿದ ಹಿಮ ಒಳಗಿಳಿಯುತ್ತೆ, ಬೆಳಕೂ ಅಷ್ಟಿಷ್ಟು ತೂರುತ್ತೆ. ಅಷ್ಟು ಸಾಕು.

ಮಣ್ಣಲ್ಲಿರುವ ಬ್ಯಾಕ್ಟೀರಿಯಾ ಕಥೆ ಇನ್ನೂ ವಿಚಿತ್ರ. ನೀರು ಹೋದರೆ ಕೆಲವು ಟ್ರೆಹಲೋಸ್ ಅನ್ನೋ ಸಕ್ಕರೆ ಕೂಡಿಸಿಕೊಂಡು, ಜೀವಕೋಶ ಮುದುಡಿ ಮುರಿಯದ ಹಾಗೆ ಕಾಪಾಡಿಕೊಂಡು ಕಾಯುತ್ತವೆ. ಕಾಫಿ ಮೊಗ್ಗಿನ ಹಾಗೇ ಅಲ್ವಾ ಅಂದೆ. "ಅಲ್ಲ," ಅಂದ. "ಸುಮ್ನೆ ಕೂರೋಕೂ ಖರ್ಚಿದೆ. ಕೂತಲ್ಲೇ ಡಿಎನ್‌ಎ ಹಾಳಾಗುತ್ತಿರುತ್ತೆ, ರಿಪೇರಿ ಮಾಡ್ತಿರಬೇಕು. ಮೊಗ್ಗಿಗಾದರೆ ಗಿಡ ಇದೆ, ಇವಕ್ಕೆ ಯಾರಿದ್ದಾರೆ?"

ಅವು ಗಾಳಿ ತಿನ್ನುತ್ತವಂತೆ! ಮಾತಿಗೆ ಹೇಳೋದಲ್ಲ, ನಿಜವಾಗಿ. 2017ರಲ್ಲಿ ಪೂರ್ವ ಅಂಟಾರ್ಕ್ಟಿಕಾದ ರಾಬಿನ್ಸನ್ ರಿಡ್ಜ್, ಆಡಮ್ಸ್ ಫ್ಲಾಟ್ ಅನ್ನೋ ಎರಡು ಜಾಗದ ಮಣ್ಣಲ್ಲಿ ಇದು ಗೊತ್ತಾಯಿತು. ಹತ್ತು ಲಕ್ಷ ಪಾಲು ಗಾಳಿಯಲ್ಲಿ ಹೈಡ್ರೋಜನ್ ಒಂದು ಪಾಲೂ ಇಲ್ಲ, ಕಾರ್ಬನ್ ಮಾನಾಕ್ಸೈಡ್ ಅದಕ್ಕಿಂತ ಕಮ್ಮಿ. ಅದನ್ನೇ ಹೆಕ್ಕಿ, ಅದರಿಂದ ಬಂದ ಶಕ್ತಿಯಲ್ಲಿ ಗಾಳಿಯ ಇಂಗಾಲವನ್ನೂ ಹಿಡಿದು ಮೈ ಕಟ್ಟಿಕೊಳ್ಳುತ್ತವೆ. ಬಿಸಿಲೇ ಬೇಕಿಲ್ಲ. ತಿಂಗಳುಗಟ್ಟಲೆ ಕತ್ತಲಿರೋ ಊರಲ್ಲಿ ಇದಕ್ಕಿಂತ ಜಾಣತನ ಯಾವುದು?

ಹಾಗಂತ ಎಲ್ಲಾ ಕಡೆ ಗೆದ್ದಿಲ್ಲ. ಆ ಒಣ ಕಣಿವೆಗಳ ನಡುವೆಯೇ ಯೂನಿವರ್ಸಿಟಿ ವ್ಯಾಲಿ ಅನ್ನೋ ಜಾಗದ ಹೆಪ್ಪುಗಟ್ಟಿದ ಮಣ್ಣನ್ನು ಎಷ್ಟು ಜಾಲಾಡಿದರೂ ಕೆಲಸ ಮಾಡ್ತಿರೋ ಜೀವದ ಸುಳಿವೇ ಸಿಗಲಿಲ್ಲ ಅಂತ 2016ರಲ್ಲಿ ವಿಜ್ಞಾನಿಗಳು ಬರೆದರು.

ತುದಿ ಮುಟ್ಟಿದೆವು, ಫೋಟೋ ತೆಗೆದೆವು, ಇಳಿದೆವು. ಅದರಲ್ಲಿ ಹೇಳುವಂಥದ್ದು ಏನಿಲ್ಲ.

ಸಂಜೆ ಕಡಂಬಿಟ್ಟು, ಪಂದಿ ಕರಿ ಮುಂದಿಟ್ಟುಕೊಂಡು ಕೂತಾಗ ಮೋಡ ಕವಿಯಿತು. ಹೆಂಚಿನ ಮೇಲೆ ನಾಲ್ಕು ಹನಿ ಟಪಟಪ ಅಂತು, ಅಂಗಳದಿಂದ ಮಣ್ಣಿನ ವಾಸನೆ ಎದ್ದು ಬಂತು. ಗೆಳೆಯ ಮೂಗು ಎತ್ತಿ, ಈ ವಾಸನೆಗೆ ಕಾರಣ ಜಿಯೋಸ್ಮಿನ್ ಅನ್ನೋ ರಾಸಾಯನಿಕ, ಅದನ್ನು ಮಾಡೋದು ಸ್ಟ್ರೆಪ್ಟೋಮೈಸಿಸ್ ಅನ್ನೋ ಮಣ್ಣಿನ ಬ್ಯಾಕ್ಟೀರಿಯಾ, ಗಾಳಿ ತಿನ್ನುವವರಲ್ಲೂ ಸುಮಾರು ಜನ ಇದೇ ದೊಡ್ಡ ಬಳಗದವರು ಅಂತ ಶುರು ಮಾಡಿದ. ಅಂಕಲ್‌ಗೆ ಅದೆಲ್ಲ ಕೇಳಿಸಲೇ ಇಲ್ಲ. ಊಟ ಅರ್ಧಕ್ಕೆ ಬಿಟ್ಟು, ಟಾರ್ಚ್ ಹಿಡಿದು ಅಂಗಳದ ಮಳೆಮಾಪಕದ ಹತ್ತಿರ ಹೋಗಿ ಬಗ್ಗಿ ನೋಡಿದರು.

"ಹನ್ನೆರಡು ಸೆಂಟ್," ಅಂದರು ಬೇಸರದಿಂದ. ನೂರು ಸೆಂಟ್ ಆದರೆ ಒಂದು ಇಂಚು. "ಅರ್ಧಂಬರ್ಧ ಬಿದ್ದರೆ ಮೊಗ್ಗೂ ಕೆಡುತ್ತೆ."

ಮತ್ತೆ ಬಂದು ಕೂತರು. ಆಕಾಶ ನೋಡ್ತಾನೇ ಇದ್ದರು.