ಗುಡ್ಡದ ಚಿತ್ರ ಗುಡ್ಡದ ಬುಡದವರಿಗೂ ಸಿಗಲಿ

2025 ಜುಲೈ 30, ಬುಧವಾರ
ಪೆರ್ಲ, ಕಾಸರಗೋಡು

ಸಂಜೆ 5.40ಕ್ಕೆ ಶ್ರೀಹರಿಕೋಟಾದಿಂದ ನಿಸಾರ್ ಮೇಲೇರಿತು, ನಾಸಾ ಮತ್ತು ಇಸ್ರೋ ಸೇರಿ ಮಾಡಿದ, ಭೂಮಿಯನ್ನು ನೋಡುವ ಉಪಗ್ರಹ. ಅಣ್ಣನ ಮಗಳು ಶಾಲೆಯಿಂದ ಬಂದವಳೇ ಬ್ಯಾಗು ಮೂಲೆಗಿಟ್ಟು ನನ್ನ ಮೊಬೈಲಿನ ಮುಂದೆ ಕೂತಳು. ಹೊರಗೆ ಜಡಿಮಳೆ, ನೆಟ್‌ವರ್ಕ್ ಬಂದು ಹೋಗಿ ಮಾಡುತ್ತಿತ್ತು. ಆದರೂ ಇಸ್ರೋದ ನೇರಪ್ರಸಾರ ಕೊನೆಯವರೆಗೂ ಸಿಕ್ಕಿತು. ಸುಮಾರು ಹತ್ತೊಂಬತ್ತು ನಿಮಿಷಕ್ಕೆ ಜಿಎಸ್‌ಎಲ್‌ವಿ-ಎಫ್16 ರಾಕೆಟ್ ತನ್ನ ಕೆಲಸ ಮುಗಿಸಿತ್ತು. ವಿವರಣೆಯೆಲ್ಲ ಇಂಗ್ಲಿಷ್, ಹಿಂದಿಯಲ್ಲಿ. ಕನ್ನಡ ಶಾಲೆಯ ಮಗುವಿಗೆ ನಾನು ಪಕ್ಕದಲ್ಲಿ ಕೂತು ಹೇಳುತ್ತಾ ಹೋದೆ. "ಅಪ್ಪಚ್ಚಿ, ಮುಗಿಲು ಇದ್ದರುದೆ ಅದಕ್ಕೆ ಕಾಣ್ತೊ?" ಎಂದು ಕೇಳಿದಳು.

ಕಾಣುತ್ತದೆ ಮಗಾ, ಅದಕ್ಕೇ ಇಷ್ಟು ಸಂಭ್ರಮ. ಮಳೆಗಾಲದಲ್ಲಿ ನಾನು ದಿನಾ ಬೆಳಗ್ಗೆ ನೋಡುವ, ಹವಾಮಾನ ಉಪಗ್ರಹ ಇನ್ಸಾಟ್‌ನ ಚಿತ್ರದಲ್ಲಿ ಕಾಣುವುದು ಮೋಡದ ನೆತ್ತಿ ಮಾತ್ರ. ಅದೂ ನಮಗೆ ದೊಡ್ಡ ಉಪಕಾರವೇ. ಅಡಿಕೆಗೆ ಮದ್ದು ಬಿಡಲು ಒಂದು ದಿನದ ಹೊಳವಾದರೂ ಬೇಕು, ಕೊಳೆರೋಗ ಹತ್ತಿದ ಮೇಲೆ ಮೈಲುತುತ್ತು ಕಲಸಿ ಏನು ಪ್ರಯೋಜನ? ಅರಬ್ಬಿ ಸಮುದ್ರದ ಮೇಲೆ ಬಿಳಿ ರಾಶಿ ಎಷ್ಟು ದಪ್ಪಗಿದೆ, ಯಾವ ಕಡೆ ಸರಿಯುತ್ತಿದೆ ಎಂದು ನೋಡಿಯೇ ಮರ ಹತ್ತುವವರಿಗೆ ಫೋನ್ ಮಾಡುತ್ತೇನೆ. ಸರ್ಕಾರದ ಉಪಗ್ರಹದ ಚಿತ್ರ ಒಬ್ಬ ತೋಟದವನ ಕೈಗೆ ಕಾಸು ಖರ್ಚಿಲ್ಲದೆ ಬರುತ್ತದೆ ಎನ್ನುವುದು ಸಣ್ಣ ಸಂಗತಿಯಲ್ಲ.

ನಿಸಾರ್ ಮೋಡದ ಅಡಿಯ ನೆಲವನ್ನೇ ನೋಡುತ್ತದೆ. ನಾಸಾದ ಎಲ್-ಬ್ಯಾಂಡ್, ಇಸ್ರೋದ ಎಸ್-ಬ್ಯಾಂಡ್, ಹೀಗೆ ಬೇರೆ ಬೇರೆ ಉದ್ದದ ರೇಡಿಯೋ ಅಲೆ ಕಳಿಸಿ ಹಿಂದೆ ಬಂದದ್ದನ್ನು ಹಿಡಿಯುವ ಎರಡು ರಾಡಾರ್‌ಗಳು. ಆ ಅಲೆಗಳಿಗೆ ಮೋಡ ಅಡ್ಡಿಯಲ್ಲ. ಕೊಡೆಯಂತೆ ಬಿಚ್ಚಿಕೊಳ್ಳುವ 12 ಮೀಟರ್ ಅಗಲದ ಜಾಲರಿ ಆಂಟೆನಾ. ಹಗಲು ರಾತ್ರಿ ಎನ್ನದೆ, 12 ದಿನಕ್ಕೊಮ್ಮೆ ಅದೇ ದಾರಿಗೆ ಮರಳುತ್ತದೆ. ಎರಡು ಸಲ ತೆಗೆದ ಚಿತ್ರಗಳ ಅಲೆಗಳನ್ನು ಹೋಲಿಸಿದರೆ ನೆಲ ಕೆಲವು ಸೆಂಟಿಮೀಟರ್ ಜಾರಿದ್ದರೂ ಗೊತ್ತಾಗುತ್ತದೆ. ಈ ಮಾಹಿತಿ ಜಗತ್ತಿಗೆಲ್ಲ ಉಚಿತ, ಮುಕ್ತ ಎಂದು ಎರಡೂ ಸಂಸ್ಥೆಗಳು ಮೊದಲೇ ಹೇಳಿವೆ.

ಇವತ್ತಿನ ತಾರೀಕು ಮರೆಯುವಂಥದ್ದಲ್ಲ. ಕಳೆದ ವರ್ಷ ಇದೇ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಊರುಗಳು ಭೂಕುಸಿತದಲ್ಲಿ ಕೊಚ್ಚಿಹೋದವು. ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರ ಒಂದೆರಡು ದಿನದಲ್ಲೇ ಚಿತ್ರಗಳನ್ನು ಹೊರಗೆ ಬಿಟ್ಟಿತು. ಅವನ್ನು ನಾನು ದೊಡ್ಡದು ಮಾಡಿ ಮಾಡಿ ನೋಡಿದ್ದೆ. ಜಾರಿದ ನೆಲ 86,000 ಚದರ ಮೀಟರ್, ನಮ್ಮ ಲೆಕ್ಕದಲ್ಲಿ 21 ಎಕರೆ. ಕುಸಿತ ಶುರುವಾದದ್ದು ಸಮುದ್ರಮಟ್ಟದಿಂದ 1,550 ಮೀಟರ್ ಎತ್ತರದಲ್ಲಿ. ಅಲ್ಲಿಂದ ಕಲ್ಲು ಮಣ್ಣು ಹೊಳೆಗುಂಟ ಸುಮಾರು 8 ಕಿಲೋಮೀಟರ್ ಇಳಿದು, ಹೊಳೆಯ ಎರಡೂ ದಡ ಕಿತ್ತುಕೊಂಡು ಹೋಗಿತ್ತು. ಪಕ್ಕದಲ್ಲೇ 2023ರ ಮೇ ತಿಂಗಳಲ್ಲಿ ಕಾರ್ಟೋಸ್ಯಾಟ್-3 ಉಪಗ್ರಹ ತೆಗೆದ ಚಿತ್ರವನ್ನೂ ಇಟ್ಟಿದ್ದರು. ಅದರಲ್ಲಿ, ಅದೇ ಜಾಗದಲ್ಲಿ, ಹಳೆಯ ಕುಸಿತದ ಗುರುತು.

ಆ ಹಳೆಯ ಚಿತ್ರವೇ ನನ್ನನ್ನು ಒಂದು ವರ್ಷದಿಂದ ಕಾಡುತ್ತಿರುವುದು. ಗಾಯ ಒಂದು ವರ್ಷ ಮೊದಲೇ ಚಿತ್ರದಲ್ಲಿತ್ತು. ಇದೇ ಕೇಂದ್ರ 2023ರಲ್ಲಿ ಭೂಕುಸಿತದ ಅಟ್ಲಾಸ್ ಕೂಡ ಪ್ರಕಟಿಸಿತ್ತು. 1998ರಿಂದ 2022ರವರೆಗಿನ ಸುಮಾರು 80,000 ಕುಸಿತಗಳ ದಾಖಲೆ ಅದು. ಕುಸಿತದ ಅಪಾಯವಿರುವ 147 ಜಿಲ್ಲೆಗಳ ಪಟ್ಟಿಯಲ್ಲಿ ವಯನಾಡು 13ನೆಯದು. ವಿಜ್ಞಾನಿಗಳು ತಮ್ಮ ಕೆಲಸ ಮಾಡಿದ್ದರು, ಅಡಗಿಸಿಯೂ ಇರಲಿಲ್ಲ. ಆದರೆ ಇಂಗ್ಲಿಷಿನ ಆ ಪಿಡಿಎಫ್‌ನಲ್ಲಿದ್ದದ್ದು ಗುಡ್ಡದ ಬುಡದ ಲೈನ್‌ಮನೆಗಳಲ್ಲಿ ಮಲಗಿದ್ದ ಎಸ್ಟೇಟ್ ಕೆಲಸದವರ ಕಿವಿಗೆ ಬೀಳುವುದು ಹೇಗೆ?

ಉತ್ತರಾಖಂಡದ ಜೋಶಿಮಠದ್ದು ಇನ್ನೊಂದು ಬಗೆ. 12 ದಿನದಲ್ಲಿ ಆ ಪಟ್ಟಣ 5.4 ಸೆಂಟಿಮೀಟರ್ ಕುಸಿದಿದೆ ಎಂದು 2023ರ ಜನವರಿಯಲ್ಲಿ ಇದೇ ಕೇಂದ್ರ ವರದಿ ಹಾಕಿತು. ಸುದ್ದಿ ಹಬ್ಬಿತು, ಜನ ಗಾಬರಿಯಾದರು. ಅನುಮತಿಯಿಲ್ಲದೆ ಮಾಹಿತಿ ಮಾಧ್ಯಮಕ್ಕೆ ಹೋಗಬಾರದು ಎಂದು ವಿಪತ್ತು ನಿರ್ವಹಣಾ ಪ್ರಾಧಿಕಾರ ಸಂಸ್ಥೆಗಳಿಗೆ ಸೂಚಿಸಿತು, ವರದಿ ಜಾಲತಾಣದಿಂದ ಮಾಯವಾಯಿತು. ಗಾಬರಿ ಆಗಬಾರದು ಎಂಬ ಕಾಳಜಿ ನನಗೆ ಅರ್ಥವಾಗುತ್ತದೆ, ಒಪ್ಪಿಗೆಯಾಗುವುದಿಲ್ಲ. ತನ್ನ ಮನೆಯ ಅಡಿಪಾಯ ಜಾರುತ್ತಿದೆಯೆಂದು ತಿಳಿಯುವ ಮೊದಲ ಹಕ್ಕು ಆ ಮನೆಯವನದ್ದು. ಮಾಹಿತಿ ತೆಗೆದುಹಾಕುವ ಬದಲು ಅದನ್ನು ಬಿಡಿಸಿ ಹೇಳುವ ಜನರನ್ನು ಅಲ್ಲಿಗೆ ಕಳಿಸಬೇಕಿತ್ತು.

ಚಂದ್ರಯಾನ-3 ಇಳಿದ ಸಂಜೆ ಇಡೀ ದೇಶ ಪರದೆಯ ಮುಂದೆ ಇತ್ತು, 2023ರ ಆ ಆಗಸ್ಟ್ 23 ನೆನೆದರೆ ನನಗೆ ಈಗಲೂ ಮೈ ನವಿರೇಳುತ್ತದೆ. ಅದೇ ಉತ್ಸಾಹದಲ್ಲಿ ನಮ್ಮ ಊರಿನ ಗುಡ್ಡದ ಸುದ್ದಿಯನ್ನೂ ಹಂಚಬೇಕು ಎನ್ನುವುದಷ್ಟೇ ನನ್ನ ಬೇಡಿಕೆ. ಹೋದ ವಾರವಷ್ಟೇ ನಮ್ಮ ಜಿಲ್ಲೆಯ ಚೆರುವತ್ತೂರಿನಲ್ಲಿ ಹೆದ್ದಾರಿ ಬದಿಯ ವೀರಮಲ ಗುಡ್ಡ ಜರಿದು ಬಿತ್ತು. ಹೋದ ವರ್ಷ ಅಂಕೋಲಾದ ಶಿರೂರು. ಎರಡೂ 66ನೇ ನಂಬರಿನ ಹೆದ್ದಾರಿಯೇ. ಅಗೆದು ನೆಟ್ಟಗೆ ನಿಲ್ಲಿಸಿದ ಕೆಂಪು ಮಣ್ಣಿನ ಗೋಡೆಗಳ ಕೆಳಗೆ ನಮ್ಮ ಮಕ್ಕಳು ಬಸ್ಸಿಗೆ ಕಾಯುತ್ತಾರೆ.

ನಿಸಾರ್ ಪೂರ್ಣ ಕೆಲಸಕ್ಕಿಳಿಯಲು ಇನ್ನೂ ಸುಮಾರು ಮೂರು ತಿಂಗಳು ಬೇಕು. ಅಷ್ಟರೊಳಗೆ ಒಂದು ಅರ್ಜಿ ತಯಾರು ಮಾಡುತ್ತೇನೆ, ಗ್ರಾಮ ಪಂಚಾಯತಿಗೂ ಜಿಲ್ಲಾಧಿಕಾರಿಗೂ ಒಂದೊಂದು ಪ್ರತಿ. ಕಾಸರಗೋಡಿನ ಗುಡ್ಡಗಳ ಚಲನೆಯ ನಕ್ಷೆಯನ್ನು ಪ್ರತಿ ಮಳೆಗಾಲದ ಮೊದಲು ತರಿಸಿ, ಕನ್ನಡದಲ್ಲೂ ಮಲೆಯಾಳದಲ್ಲೂ ಪಂಚಾಯತ್ ಕಚೇರಿಯ ಗೋಡೆಗೆ ಅಂಟಿಸಬೇಕು, ಶಾಲೆಗಳಿಗೆ ಕೊಡಬೇಕು ಎಂದು. ಕನ್ನಡದ ಕರಡು ರಾತ್ರಿಯೇ ಬರೆದಾಯಿತು. ಮಲೆಯಾಳದ್ದನ್ನು ನಾಳೆ ಪೇಟೆಗೆ ಹೋದಾಗ ಮೇಷ್ಟ್ರ ಹತ್ತಿರ ಬರೆಸಬೇಕು. ಸಹಿ ಹಾಕಲು ಮನಸ್ಸಿರುವ ಊರವರು ಭಾನುವಾರದೊಳಗೆ ಮನೆ ಕಡೆ ಬನ್ನಿ.